ಮಾಂಟ್ಸೆರಾಟ್ ದ್ವೀಪದ ಕಾಲ್ಚೆಂಡು ತಂಡ

ಕ್ರಿ.ಶ. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ನೌಕಾಯಾತ್ರೆಯಲ್ಲಿ ಕೆರಿಬಿಯನ್ ಸಮುದ್ರದ ಪರ್ವತಮಯವಾದ ಒಂದು ಕಿರುದ್ವೀಪವನ್ನು ಕಂಡು, ಸ್ಪೇನ್ ದೇಶದ ಕತಲೋನಿಯಾದ ಬೆಟ್ಟವೊಂದರ ಮೇಲಿರುವ ಪ್ರಾಚೀನ ಮಠದ ಹೆಸರನ್ನು ಅದಕ್ಕಿಟ್ಟನು. ಗರಗಸದ ಹಲ್ಲಿನಂತಹ ಕೋಡುಗಳುಳ್ಳ ಗಿರಿ ಎಂಬುದು ಮಾಂಟ್ಸೆರಾಟ್ ಶಬ್ದದ ಅರ್ಥ. ಸುಮಾರು 102 ಚದರ ಕಿಲೋಮೀಟರ್ ವಿಸ್ತಾರದ ಈ ದ್ವೀಪವು ಸ್ವತಂತ್ರ ರಾಷ್ಟ್ರವಲ್ಲ. ಬ್ರಿಟನ್ನಿನ ಅಧೀನ ಪ್ರದೇಶ. ಆದರೂ ಇದಕ್ಕೆ ತನ್ನದೇ ಆದ ರಾಷ್ಟ್ರೀಯ ಕಾಲ್ಚೆಂಡು ತಂಡವುಂಟು.

ಇದು ಹೇಗೆಂದು ವಾಚಕರು ಕೇಳಬಹುದು. ಪರಾಧೀನ ಪ್ರದೇಶದ ಸಂಘವೊಂದು ತನ್ನನ್ನಾಳುವ ದೇಶದ ಕಾಲ್ಚೆಂಡು ಸಂಘದ ಅನುಮತಿ ಪಡೆದು ಸದಸ್ಯತ್ವವನ್ನು ಬೇಡಬಹುದೆಂದು ಫಿಫಾ ಸಂಸ್ಥೆಯ ನಿಯಮಾವಳಿಯಲ್ಲಿ ಅವಕಾಶವಿದೆ. ಈ ಮಾರ್ಗದಿಂದ ಮಾಂಟ್ಸೆರಾಟ್ 1996ರಲ್ಲಿ ಸದಸ್ಯತ್ವ ಪಡೆಯಿತು. ವಿಧಿಯ ವಿಡಂಬನೆಯೆಂದರೆ, ಆ ವೇಳೆಗೆ ಆಡುವ ಬಯಲೇ ದುರ್ಲಭವಾಗುವ ಕಾಲ ಒದಗಿತ್ತು.

1989ರ ಹ್ಯೂಗೋ ಚಂಡಮಾರುತದಿಂದ ಜರ್ಝರಿತವಾದ ದ್ವೀಪವು ಇನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ, 1995ರ ಜುಲೈ ತಿಂಗಳಲ್ಲಿ ಸೂಫ್ರಿಯೇರ್ ಬೆಟ್ಟಗಳ ಜ್ವಾಲಾಮುಖಿ ಎಚ್ಚೆತ್ತಿತು. 1997ರ ಜೂನ್ 25ರಂದು ಉರಿಬೂದಿಯ ಪ್ರವಾಹಕ್ಕೆ 19 ಮಂದಿ ಬಲಿಯಾದರು. ರಾಜಧಾನಿ ಪ್ಲಿಮತ್ ಬೂದಿ ಕೆಸರುಗಳಲ್ಲಿ ಹೂತುಹೋಯಿತು. ವಿಮಾನ ನಿಲ್ದಾಣವೂ ನಾಶವಾಯಿತು. ಹತ್ತು ಸಾವಿರಕ್ಕೂ ಮಿಗಿಲಾಗಿದ್ದ ಜನರಲ್ಲಿ ಸುಮಾರು ಮೂರರಲ್ಲೆರಡು ಪಾಲು ಊರು ಬಿಟ್ಟರು. ದಕ್ಷಿಣಾರ್ಧವು ನಿಷಿದ್ಧ ಪ್ರದೇಶವಾಯಿತು. ಉಳಿದವರು ಉತ್ತರದ ಅಂಚಿನಲ್ಲಿ ಹೊಸದಾಗಿ ಬದುಕು ಹೂಡಿದರು. ಊರೇ ಇಲ್ಲವಾದಾಗ ಚೆಂಡಾಟವೇಕೆ ಎನ್ನುವವರು ಇದ್ದಾರು. ಆದರೆ ಚದುರಿಹೋದ ಜನಕ್ಕೆ ತಮ್ಮ ಊರಿನ ಹೆಸರು ಲೋಕದ ಬಾಯಲ್ಲಿ ಉಳಿಯುವುದು ಅಲ್ಪವಾದ ಸಂಗತಿಯಲ್ಲ.

2002ರಲ್ಲಿ ಫಿಫಾ ಶ್ರೇಯಾಂಕಪಟ್ಟಿಯ ಕಟ್ಟಕಡೆಯ ಸ್ಥಾನ, ಅಂದರೆ 203ನೆಯದು, ಈ ತಂಡದ್ದಾಗಿತ್ತು. ಅದರ ಮೇಲಿನ 202ನೆಯದು ಭೂತಾನದ್ದು. 2000ದಲ್ಲಿ ಕುವೈತಿನ ಎದುರು ಅದು 20-0ರಿಂದ ಸೋತಿತ್ತು. ಆ ವರ್ಷ ವಿಶ್ವಕಪ್ಪಿಗೆ ತಮ್ಮ ದೇಶ ಅರ್ಹತೆ ಗಳಿಸಲಾಗದೆ ಖಿನ್ನರಾಗಿದ್ದ ಡಚ್ಚರಿಬ್ಬರಿಗೆ, ಲೋಕದ ಕೊನೆಯ ಎರಡು ತಂಡಗಳನ್ನೂ ಒಂದು ಪಂದ್ಯದಲ್ಲಿ ಸೇರಿಸಿದರೇನೆಂಬ ಯೋಚನೆ ಹೊಳೆಯಿತು. ಜೂನ್ 30ರಂದು ಯೊಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ಪಿಗಾಗಿ ಹೋರಾಡಿದ ದಿನವೇ, ಥಿಂಪುವಿನ ಚಾಂಗ್ಲಿಮಿತಾಂಗ್ ಕ್ರೀಡಾಂಗಣದಲ್ಲಿ ಈ ಕಿರಿಯರ ಪಂದ್ಯ ಜರುಗಿತು. ವಿಮಾನ ನಿಲ್ದಾಣವಿಲ್ಲದ, ಹೆಲಿಕಾಪ್ಟರು ಇಲ್ಲವೆ ದೋಣಿಯಿಂದಲೇ ಹೊರಡಬೇಕಾದ ಊರಿನವರು, ಭೂಗೋಳದ ಮತ್ತೊಂದು ಮಗ್ಗುಲಿಗೆ, ಏಳು ಸಾವಿರ ಅಡಿಗೂ ಮಿಕ್ಕ ಎತ್ತರದ ಹಿಮಾಲಯದ ಕಣಿವೆಗೆ ಬಂದಿಳಿದರು. ಕಡಲಮಟ್ಟದಲ್ಲಿ ಬೆಳೆದ ಶ್ವಾಸಕೋಶಗಳಿಗೆ ಅಲ್ಲಿನ ತೆಳುಗಾಳಿಯಲ್ಲಿ ಓಡುವುದೇ ಒಂದು ಪರೀಕ್ಷೆ. ಭೂತಾನವು 4-0ರಿಂದ ಗೆದ್ದಿತು. ಅದು ಆ ದೇಶದ ಪ್ರಥಮ ಅಂತಾರಾಷ್ಟ್ರೀಯ ಜಯ. ಕಾವ್ಯಗಳಲ್ಲಿ ಕಂದುಕಕ್ರೀಡೆಯೆಂಬುದು ವಿನೋದಕ್ಕೆ ಪರ್ಯಾಯಪದ. ಆ ಅರ್ಥವು ಅಂದು ಯೊಕೊಹಾಮಾಕ್ಕಿಂತ ಥಿಂಪುವಿಗೇ ಹೆಚ್ಚು ಒಪ್ಪಿತೆನ್ನಬೇಕು.

ಮುಂದೆ ಈ ತಂಡಕ್ಕೆ ಬಲ ಬಂದದ್ದು ಊರು ಬಿಟ್ಟುಹೋದವರಿಂದಲೇ. ತಂದೆ, ತಾಯಿ, ಅಜ್ಜ ಅಥವಾ ಅಜ್ಜಿ ದ್ವೀಪದಲ್ಲಿ ಹುಟ್ಟಿದ್ದರೆ, ಇಂಗ್ಲೆಂಡಿನಲ್ಲಿ ಜನಿಸಿದ ಆಟಗಾರನೂ ಮಾಂಟ್ಸೆರಾಟಿನ ಪರವಾಗಿ ಆಡಬಹುದು. ಇಂಗ್ಲಿಷ್ ಲೀಗುಗಳ ಕೆಳಸ್ತರಗಳಲ್ಲಿ ಆಡುತ್ತಿದ್ದ ಇಂತಹ ಮೊಮ್ಮಕ್ಕಳನ್ನು ಹುಡುಕಿ ಕರೆಯಲಾಯಿತು. ಸ್ಕಾಟ್ಲೆಂಡಿನ ವಿಲ್ಲಿ ಡೊನಾಕಿಯವರ ಶಿಕ್ಷಣದಲ್ಲಿ 2018-19ರ ಕಾನ್‌ಕಕಾಫ್ ನೇಷನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ತಂಡವು ಎಲ್ ಸಾಲ್ವಡಾರಿಗೆ ಮಾತ್ರ 2-1ರಿಂದ ಮಣಿದು, ಬೆಲೀಜ್, ಅರೂಬಾ, ಕೇಮನ್ ದ್ವೀಪಗಳನ್ನು ಸೋಲಿಸಿತು. ಗೋಲ್ಡ್ ಕಪ್ಪಿನ ಬಾಗಿಲು ಕೂದಲೆಳೆಯಲ್ಲಿ ತಪ್ಪಿತು. ಐದು ಸಾವಿರಕ್ಕೂ ಕಡಿಮೆ ಜನರುಳ್ಳ ದ್ವೀಪದ ತಂಡವು ಈಗ ಬ್ಲೇಕ್ಸ್ ಎಸ್ಟೇಟ್ ಮೈದಾನದಲ್ಲಿ ಆಡುತ್ತದೆ. ಅದು ಇರುವುದು ಉತ್ತರದಲ್ಲಿ, ಬೂದಿ ಬೀಳದ ಕಡೆ.