ಪಿಂಗಾಣಿಯ ಎರಡು ದಾರಿಗಳು: ಸೆವ್ರ್ ಕಾರ್ಖಾನೆ, ಯಳಂದೂರು ಜಹಗೀರು ಮತ್ತು ಶಿವನಸಮುದ್ರದ ವಿದ್ಯುತ್ತು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಇತಿಹಾಸವನ್ನು ಕುರಿತ ಬರಹಗಳಲ್ಲಿ ರೇಷ್ಮೆ, ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಪರಂಪರೆಗಳು, ಯಳಂದೂರಿನ ಗೌರೀಶ್ವರ ದೇವಾಲಯ ಹಾಗೂ ಅದರ ಬಳೆಮಂಟಪ ಮತ್ತೆ ಮತ್ತೆ ಪ್ರಸ್ತಾಪಗೊಳ್ಳುತ್ತವೆ. ಪಿಂಗಾಣಿಯ ಮಾತು ಬರುವುದಿಲ್ಲ. ಬಾರದಿರುವುದು ಸಹಜವೂ ಹೌದು. ಈ ಭಾಗ ಪಿಂಗಾಣಿ ತಯಾರಿಕೆಗೆ ಹೆಸರಾದುದಲ್ಲ. ಆದರೆ ಮೈಸೂರು ಸಂಸ್ಥಾನಕ್ಕೆ ಪಿಂಗಾಣಿ ಕಾರ್ಖಾನೆಯೊಂದು ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ದಾರಿ ಎರಡು ಬಾರಿ ಈ ನೆಲದ ಅಂಚಿಗೆ ಬಂದು ತಲುಪುತ್ತದೆ. ಒಮ್ಮೆ ಯಳಂದೂರಿನ ಜಹಗೀರ್ದಾರರ ಮನೆತನದ ಮೂಲಕ, ಇನ್ನೊಮ್ಮೆ ಶಿವನಸಮುದ್ರದ ಜಲಪಾತದ ಮೂಲಕ. ಆ ದಾರಿಯ ಮೊದಲ ತುದಿ ಇರುವುದು ಮಾತ್ರ ಬಹುದೂರದ ಫ್ರಾನ್ಸಿನಲ್ಲಿ.

1787ರಲ್ಲಿ ಟಿಪ್ಪು ಸುಲ್ತಾನನು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಕಳುಹಿಸಿದನು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಪುದುಚೇರಿಯಿಂದ ಹಡಗನ್ನೇರಿ 1788ರ ಜೂನ್ ತಿಂಗಳಿನಲ್ಲಿ ತುಲೋನ್ ಬಂದರನ್ನು ತಲುಪಿದರು. ಆಗಸ್ಟ್ ತಿಂಗಳಿನಲ್ಲಿ ವರ್ಸಾಯ್ ಅರಮನೆಯಲ್ಲಿ ದೊರೆಯ ದರ್ಶನ ದೊರೆಯಿತು. ಇಂಗ್ಲಿಷರ ವಿರುದ್ಧ ಸೈನಿಕ ನೆರವು ಪಡೆಯುವುದು ರಾಯಭಾರದ ಮುಖ್ಯ ಉದ್ದೇಶ. ಅದು ಕೈಗೂಡಲಿಲ್ಲ. ಎರಡನೆಯ ಕೋರಿಕೆಯೊಂದಿತ್ತು: ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜಿನ ಕೆಲಸದವರು ಮುಂತಾದ ಕುಶಲಕರ್ಮಿಗಳನ್ನು ಮೈಸೂರಿಗೆ ಕಳುಹಿಸಿಕೊಡಬೇಕೆಂಬುದು. ಆ ಪಟ್ಟಿಯಲ್ಲಿ ಪಿಂಗಾಣಿ ಕೆಲಸಗಾರರೂ ಇದ್ದರು. ಯುದ್ಧದ ಭೀತಿಯಲ್ಲಿದ್ದ ರಾಜ್ಯವೊಂದು ತೋಪಿನ ಜೊತೆಗೆ ಬಟ್ಟಲನ್ನೂ ಕೇಳಿತೆಂಬುದನ್ನು ಕೇವಲ ವಿಲಾಸದ ಆಸೆಯೆಂದು ತಳ್ಳಿಹಾಕುವುದು ಸರಿಯಾಗಲಾರದು. ಆ ಕಾಲದ ಯುರೋಪಿನಲ್ಲಿ ಪಿಂಗಾಣಿಯನ್ನು ಮಾಡಬಲ್ಲ ರಾಜ್ಯವೆಂದರೆ ಬೆಂಕಿ ಮತ್ತು ಮಣ್ಣಿನ ಮೇಲೆ ಹಿಡಿತ ಸಾಧಿಸಿದ ರಾಜ್ಯವೆಂದೇ ಅರ್ಥ. ಸ್ಯಾಕ್ಸನಿಯ ಮೈಸೆನ್ ನಗರದಲ್ಲಿ 1710ರಲ್ಲಿ ಆರಂಭವಾದ ಕಾರ್ಖಾನೆಯು ತನ್ನ ಗುಟ್ಟನ್ನು ಕೋಟೆಯೊಳಗಿಟ್ಟು ಕಾಯುತ್ತಿತ್ತು.

ರಾಯಭಾರಿಗಳು ಪ್ಯಾರಿಸ್ ಸಮೀಪದ ಸೆವ್ರ್ ಗ್ರಾಮದ ರಾಜಪಿಂಗಾಣಿ ಕಾರ್ಖಾನೆಯನ್ನು ಸಂದರ್ಶಿಸಿದರು. 1740ರಲ್ಲಿ ವ್ಯಾಂಸೆನ್ ಕೋಟೆಯಲ್ಲಿ ಮೊದಲುಗೊಂಡ ಈ ಕಾರ್ಖಾನೆಯು 1756ರಲ್ಲಿ ಸೆವ್ರ್‌ಗೆ ಸ್ಥಳಾಂತರಗೊಂಡು, 1759ರಲ್ಲಿ ದೊರೆಯ ಸ್ವತ್ತಾಗಿತ್ತು. ಅಲ್ಲಿ ಮೊದಲು ತಯಾರಾಗುತ್ತಿದ್ದುದು ಮೃದು ಪಿಂಗಾಣಿ. ನಿಜವಾದ ಗಡಸು ಪಿಂಗಾಣಿಗೆ ಬೇಕಾದ ಕಯೊಲಿನ್ ಎಂಬ ಬಿಳಿ ಜೇಡಿಯು ಫ್ರಾನ್ಸಿನಲ್ಲಿ ದೊರೆತದ್ದು 1768ರಲ್ಲಿ, ಲಿಮೋಜ್ ಪ್ರಾಂತದ ಸೇಂತ್ ಇರಿಯೆ ಎಂಬಲ್ಲಿ. ಅಂದರೆ ಮೈಸೂರಿನವರು ಅಲ್ಲಿಗೆ ಹೋಗುವ ವೇಳೆಗೆ ಫ್ರೆಂಚರಿಗೇ ಆ ವಿದ್ಯೆ ಕೈವಶವಾಗಿ ಇಪ್ಪತ್ತು ವರ್ಷಗಳು ತುಂಬಿದ್ದವು, ಅಷ್ಟೆ. ನೋಡಲು ಹೋದವರನ್ನೇ ಊರೆಲ್ಲ ನೋಡಿತೆಂಬುದು ಈ ಪ್ರಸಂಗದ ಸ್ವಾರಸ್ಯ. ಕಾರ್ಖಾನೆಯ ಚಿತ್ರಕಾರನಾದ ಶಾರ್ಲ್ ಎಲ್ವಾ ಆಸ್ಲೆಂ ಎಂಬವನು ಪಕ್ಕದ ಸೇಂಕ್ಲೂ ಉದ್ಯಾನದಲ್ಲಿ ಜನಜಂಗುಳಿಯ ನಡುವೆ ನಡೆದಾಡುತ್ತಿರುವ ರಾಯಭಾರಿಗಳನ್ನು ಅದೇ ವರ್ಷ ಚಿತ್ರಿಸಿದನು. ವಿಜೆ ಲೆ ಬ್ರ್ಯಾ ಎಂಬ ಪ್ರಸಿದ್ಧ ಕಲಾವಿದೆ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಹಿಂದಿರುಗುವಾಗ ಟಿಪ್ಪುವಿಗೆ ದೊರೆಯ ಉಡುಗೊರೆಯಾಗಿ ಬಂದದ್ದು ಸೆವ್ರ್ ಪಿಂಗಾಣಿ.

ಉಡುಗೊರೆ ಬಂದಿತು, ಕೈಗಾರಿಕೆ ಬರಲಿಲ್ಲ. ಇದಕ್ಕೆ 1790ರಲ್ಲಿ ಆರಂಭವಾದ ಮೂರನೆಯ ಮೈಸೂರು ಯುದ್ಧವೂ, ಫ್ರಾನ್ಸಿನ ಕ್ರಾಂತಿಯೂ ಕಾರಣವೆನ್ನಬಹುದು. ಆದರೆ ಪಿಂಗಾಣಿಯ ಸ್ವಭಾವದಲ್ಲಿಯೇ ಇನ್ನೊಂದು ಕಾರಣವಿದೆ. ಬಂದೂಕಿನವನು ತನ್ನ ಕೈಚಳಕವನ್ನು ಜೊತೆಯಲ್ಲಿ ತರಬಲ್ಲನು. ಪಿಂಗಾಣಿಯವನು ತನ್ನ ಮಣ್ಣನ್ನು ತರಲಾರನು. ಕಯೊಲಿನ್, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು ಎಂಬ ಮೂರು ಪದಾರ್ಥಗಳನ್ನು ನುಣ್ಣಗೆ ಅರೆದು, ಹದವರಿತು ಬೆರೆಸಿ, 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಶಾಖದಲ್ಲಿ ಬೇಯಿಸಬೇಕು. ಕಯೊಲಿನ್ ಆಕಾರವನ್ನು ಕೊಡುತ್ತದೆ. ಬೆಣಚುಕಲ್ಲು ಬೆಂಕಿಯಲ್ಲಿ ಆ ಆಕಾರವು ಕುಸಿಯದಂತೆ ಹಿಡಿಯುತ್ತದೆ. ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಕಣಗಳ ನಡುವಿನ ಸಂದುಗಳನ್ನೆಲ್ಲ ತುಂಬುತ್ತದೆ. ಹೀಗೆ ಬೆಂದ ವಸ್ತು ನೀರನ್ನು ಹೀರುವುದಿಲ್ಲ. ಕುಂಬಾರನ ಮಡಕೆಗೂ ಪಿಂಗಾಣಿಗೂ ಇರುವ ಮುಖ್ಯ ಅಂತರ ಇದೇ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯನ್ನೂ ರೂಢಿಯಲ್ಲಿ ಪಿಂಗಾಣಿಯೆಂದೇ ಕರೆಯುವರಾದರೂ ಅದು ಕಲ್ಮಣ್ಣಿನ ಪಾತ್ರೆ, ಬೇರೆ ಜಾತಿಯದು. ವಿಜಯನಗರದ ಉತ್ಖನನಗಳಲ್ಲಿ ದೊರೆತ ಚೀನೀ ಪಿಂಗಾಣಿಯ ಚೂರುಗಳು ಕನ್ನಡನಾಡಿಗೆ ಈ ವಸ್ತುವಿನ ಪರಿಚಯ ಹಳೆಯದೆಂಬುದನ್ನು ತೋರಿಸುತ್ತವೆ. ಪರಿಚಯವಿದ್ದುದು ಕೊಳ್ಳುವವರಾಗಿ ಮಾತ್ರ.

ಟಿಪ್ಪುವಿನ ಆಡಳಿತದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು ಪೂರ್ಣಯ್ಯನವರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಅವರ ಸೇವೆಗೆ ಪ್ರತಿಯಾಗಿ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲವು ಕಂಪನಿ ಸರ್ಕಾರಕ್ಕೆ ಸೇರಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ 1956ರವರೆಗೂ ಮದರಾಸಿನ ಆಡಳಿತದಲ್ಲಿಯೇ ಉಳಿಯಿತು. ಇಂದಿನ ಹನೂರು ತಾಲ್ಲೂಕು ಆಗ ಅದರದೇ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. ಒಂದೇ ಮಾತು, ಒಂದೇ ಸಂತೆ, ಒಂದೇ ಜಾತ್ರೆಯ ಜನ ಎರಡು ಸರ್ಕಾರಗಳ ಪ್ರಜೆಗಳಾಗಿದ್ದರು. ಈ ಗಡಿಯನ್ನು ಮರೆತರೆ ಮುಂದಿನ ಶಿವನಸಮುದ್ರದ ಕಥೆ ಅರ್ಥವಾಗುವುದಿಲ್ಲ. ಅಲ್ಲಿ ಕಾವೇರಿಯು ಎರಡಾಗಿ ಸೀಳಿ, ಒಂದು ಕವಲು ಗಗನಚುಕ್ಕಿಯಾಗಿ ಮಳವಳ್ಳಿಯ ಕಡೆಗೂ ಇನ್ನೊಂದು ಭರಚುಕ್ಕಿಯಾಗಿ ಕೊಳ್ಳೇಗಾಲದ ಕಡೆಗೂ ಧುಮುಕುತ್ತದೆ. ಮೈಸೂರು ಸರ್ಕಾರವು ವಿದ್ಯುದಾಗಾರವನ್ನು ಕಟ್ಟಿದ್ದು ತನ್ನ ಕಡೆಯ ದಡದಲ್ಲಿ.

ಈ ಯೋಜನೆಯನ್ನು ರೂಪಿಸಿದ ಕೀರ್ತಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಎ. ಸಿ. ಜೆ. ಡಿ ಲಾಟ್ಬಿನಿಯರ್ ಅವರದು. ಶೇಷಾದ್ರಿ ಅಯ್ಯರ್ 1901ರಲ್ಲಿ ನಿಧನರಾದರು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಮೈಸೂರಿನ ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರ್ದಾರರು. ಟಿಪ್ಪುವಿನ ಆಸ್ಥಾನದ ಪಿಂಗಾಣಿಯ ಬಯಕೆಯೂ ಸಂಸ್ಥಾನದ ಪಿಂಗಾಣಿಯ ಅಗತ್ಯವೂ ಒಂದೇ ಮನೆತನದ ಇಬ್ಬರ ಅಧಿಕಾರಾವಧಿಯಲ್ಲಿ ತಲೆದೋರಿದವೆಂಬುದು ಆಕಸ್ಮಿಕವೇ ಸರಿ. ಅದರ ಮೇಲೆ ಹೆಚ್ಚಿನ ಅರ್ಥವನ್ನು ಹೇರಬೇಕಾಗಿಲ್ಲ. ಆದರೆ ಅಗತ್ಯದ ಸ್ವರೂಪವನ್ನು ಗಮನಿಸಬೇಕು. ತಂತಿಯ ಉದ್ದ ಸುಮಾರು 92 ಮೈಲಿ, ಎಂದರೆ 147 ಕಿಲೋಮೀಟರ್. ಅದರಲ್ಲಿ ಹರಿಯುತ್ತಿದ್ದುದು 35,000 ವೋಲ್ಟ್ ಒತ್ತಡದ ವಿದ್ಯುತ್ತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳ ಸಾಲಿನಲ್ಲಿ ಅದು ನಿಲ್ಲುತ್ತಿತ್ತು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು.

ಇಷ್ಟು ಒತ್ತಡದ ತಂತಿಯನ್ನು ಕಂಬಕ್ಕೆ ನೇರವಾಗಿ ಕಟ್ಟಲಾಗುವುದಿಲ್ಲ. ಮಳೆಯಲ್ಲಿ ತೊಯ್ದ ಮರವೂ ಕಬ್ಬಿಣವೂ ವಿದ್ಯುತ್ತನ್ನು ನೆಲಕ್ಕಿಳಿಸಿಬಿಡುತ್ತವೆ. ತಂತಿಯ ಭಾರವನ್ನು ಹೊತ್ತೂ ವಿದ್ಯುತ್ತನ್ನು ತಡೆಯಬಲ್ಲ, ಬಿಸಿಲಿಗೆ ಬಿರಿಯದ, ನೀರನ್ನು ಹೀರದ ವಸ್ತು ನಡುವೆ ಇರಬೇಕು. ಸೆವ್ರ್‌ನ ಬಟ್ಟಲಿಗೆ ಬೆಲೆ ತಂದ ಗುಣಗಳೇ ಇಲ್ಲಿ ಬೇರೆ ಕಾರಣಕ್ಕಾಗಿ ಬೇಕಾದವು. ಅವಾಹಕದ ಮೈಯಲ್ಲಿ ಒಂದರ ಕೆಳಗೊಂದು ಕೊಡೆಯಂತೆ ಇಳಿಬಿದ್ದಿರುವ ಅಂಚುಗಳು ಅಲಂಕಾರಕ್ಕಲ್ಲ. ಮಳೆ ಸುರಿಯುವಾಗಲೂ ಕೊಡೆಯ ಒಳಮೈ ಒಣಗಿಯೇ ಇರುತ್ತದೆ. ಮೈಮೇಲೆ ಸೋರಿಹೋಗಲೆಳಸುವ ವಿದ್ಯುತ್ತು ಪ್ರತಿಯೊಂದು ಮಡಿಕೆಯನ್ನೂ ಏರಿ ಇಳಿದು ಸಾಗಬೇಕಾಗುತ್ತದೆ. ನುಣುಪಾದ ಕಂದು ಮೆರುಗು ಧೂಳು ನಿಲ್ಲದಂತೆ ಮಾಡುತ್ತದೆ, ಮಳೆಯೇ ಅದನ್ನು ತೊಳೆದುಬಿಡುತ್ತದೆ. ಒಂದು ಅವಾಹಕ ಸಿಡಿದರೆ ಮಾರ್ಗವೇ ನಿಲ್ಲುತ್ತದೆ; ಗಣಿಯ ಯಂತ್ರಗಳು ಆ ಮಾರ್ಗವನ್ನೇ ನಂಬಿದ್ದವು.

1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. ಜಾಲ ಬೆಳೆದಂತೆ ಅವಾಹಕಗಳ ಬೇಡಿಕೆಯೂ ಬೆಳೆಯಿತು. ಅವುಗಳನ್ನು ಹೊರಗಿನಿಂದ ತರಿಸುವುದೇ ರೂಢಿಯಾಗಿದ್ದ ಸ್ಥಿತಿ ಬದಲಾದದ್ದು ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ. 1930ರ ದಶಕದ ಆರಂಭದಲ್ಲಿ ಬೆಂಗಳೂರಿನ ಮಲ್ಲೇಶ್ವರದ ಅಂಚಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ, ಸರ್ಕಾರಿ ಪಿಂಗಾಣಿ ಕಾರ್ಖಾನೆಯು ಸ್ಥಾಪನೆಯಾಯಿತು. 1788ರ ಕೋರಿಕೆಗೂ ಇದಕ್ಕೂ ನಡುವೆ ಸುಮಾರು 140 ವರ್ಷಗಳ ಅಂತರ. ಈ ಬಾರಿ ದೂರದೇಶದ ಕುಶಲಕರ್ಮಿಗಾಗಿ ಕಾಯುವ ಪ್ರಮೇಯವಿರಲಿಲ್ಲ. ನಾಡಿನ ನೆಲದಲ್ಲಿ ಏನಿದೆಯೆಂಬುದನ್ನು ಭೂವಿಜ್ಞಾನ ಇಲಾಖೆಯು ಅರಸುತ್ತಿತ್ತು, ರಾಸಾಯನಿಕ ಪರೀಕ್ಷೆಗೆ ವಿಜ್ಞಾನ ಸಂಸ್ಥೆ ಪಕ್ಕದಲ್ಲಿತ್ತು, ಕೊಳ್ಳಲು ಸರ್ಕಾರದ ವಿದ್ಯುತ್ ಇಲಾಖೆಯೇ ಇತ್ತು. 1940ರಲ್ಲಿ ಶಿಂಷಾ, 1948ರಲ್ಲಿ ಜೋಗ ವಿದ್ಯುದಾಗಾರಗಳು ಬಂದಾಗ ಹೊಸ ಮಾರ್ಗಗಳು ನಾಡಿನ ಉದ್ದಗಲಕ್ಕೂ ಹಬ್ಬಿದವು. ಮುಂದೆ ಮೈಸೂರು ಪೋರ್ಸಲಿನ್ಸ್ ಎಂಬ ಹೆಸರು ಪಡೆದ ಈ ಕಾರ್ಖಾನೆಯು 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿ, ಅದರ ಎಲೆಕ್ಟ್ರೋಪೋರ್ಸಲಿನ್ ವಿಭಾಗವಾಯಿತು.

ಇಂತಹ ಕಾರ್ಖಾನೆಯನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಪಿಂಗಾಣಿಯಲ್ಲ, ನೀರು ಮತ್ತು ಕೆಸರು. ಉರುಳುವ ಪೀಪಾಯಿಗಳಲ್ಲಿ ಕಲ್ಲು ಗುಂಡುಗಳ ನಡುವೆ ಅರೆದ ಹಿಟ್ಟು ನೀರಿನೊಡನೆ ಬೆರೆತು ಗಂಜಿಯಾಗುತ್ತದೆ. ಬಟ್ಟೆಯ ಒತ್ತುಯಂತ್ರದಲ್ಲಿ ಹಿಂಡಿದಾಗ ರೊಟ್ಟಿಯಾಕಾರದ ಬಿಲ್ಲೆಗಳಾಗುತ್ತದೆ. ಗಾಳಿಯನ್ನು ಹೊರಗೆಳೆಯುತ್ತ ಮತ್ತೆ ನಾದಿ ಕಂಬದಂತೆ ಹೊರತಳ್ಳಿದ ಮುದ್ದೆಯನ್ನು ತಿರುಗುಚಕ್ರದ ಮೇಲೆ ಕಡೆಯುತ್ತಾರೆ. ಒಳಗೆ ಗಾಳಿಯ ಗುಳ್ಳೆಯೊಂದು ಉಳಿದರೂ ಆವಿಗೆಯಲ್ಲಿ ಬಿರುಕಾಗಿ, ಇಲ್ಲವೇ ತಂತಿಯ ಕೆಳಗೆ ವರ್ಷಗಳ ನಂತರ ರಂಧ್ರವಾಗಿ ಸೇಡು ತೀರಿಸಿಕೊಳ್ಳುತ್ತದೆ. ಒಣಗುವಾಗಲೂ ಬೇಯುವಾಗಲೂ ವಸ್ತು ಕುಗ್ಗುವುದರಿಂದ, ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಕಡೆಯಬೇಕು. ದೊಡ್ಡ ಅವಾಹಕಗಳು ಆವಿಗೆಗೆ ಹೋಗುವ ಮುನ್ನ ದಿನಗಟ್ಟಲೆ ಒಣಗುತ್ತ ನಿಲ್ಲುತ್ತವೆ. ಬೆಂದ ಮೇಲೆ ಬಣ್ಣ ನೋಡಿ ಮೆಚ್ಚುವವರಿಲ್ಲ. ಒಂದೊಂದನ್ನೂ ಪರೀಕ್ಷಾ ವಿದ್ಯುತ್ತಿಗೆ ಒಡ್ಡುತ್ತಾರೆ, ತಡೆದದ್ದು ಉಳಿಯುತ್ತದೆ.

ಸೆವ್ರ್‌ನಲ್ಲಿ ಕಾರ್ಖಾನೆಯ ಪಕ್ಕದಲ್ಲಿಯೇ ವಸ್ತುಸಂಗ್ರಹಾಲಯವಿದೆ. 1800ರಿಂದ 1847ರವರೆಗೆ ಕಾರ್ಖಾನೆಯ ನಿರ್ದೇಶಕನಾಗಿದ್ದ ಅಲೆಕ್ಸಾಂಡ್ರ್ ಬ್ರೊನ್ಯಾರ್ ಎಂಬ ಭೂವಿಜ್ಞಾನಿ ಅದನ್ನು 1824ರಲ್ಲಿ ತೆರೆದನು. ಅರಮನೆಯ ಊಟದ ತಟ್ಟೆಗಳನ್ನಷ್ಟೇ ಅವನು ಕೂಡಿಡಲಿಲ್ಲ. ನಾನಾ ದೇಶಗಳ ನಾನಾ ಕಾಲಗಳ ಮಣ್ಣಿನ ಕೆಲಸವೆಲ್ಲವೂ, ಸಾಮಾನ್ಯ ಮಡಕೆಯೂ ಸೇರಿದಂತೆ, ಬೆಂಕಿ ಮಣ್ಣಿಗೆ ಏನು ಮಾಡುತ್ತದೆಂಬುದಕ್ಕೆ ಸಾಕ್ಷ್ಯವೆಂದು ಬಗೆದನು. ಮೈಸೂರಿನ ರಾಯಭಾರಿಗಳನ್ನು ತೋರಿಸುವ ಆಸ್ಲೆಂನ ಚಿತ್ರವೂ ಆ ಸಂಗ್ರಹದಲ್ಲಿಯೇ ಇದೆ.

ಈ ದೃಷ್ಟಿಯನ್ನು ನಮ್ಮ ಸಂಗ್ರಹಾಲಯಗಳು ಎಷ್ಟರಮಟ್ಟಿಗೆ ರೂಢಿಸಿಕೊಂಡಿವೆಯೆಂಬುದು ಕೇಳಬೇಕಾದ ಪ್ರಶ್ನೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1965ರಲ್ಲಿ ತೆರೆದಾಗ ಮೊದಲ ಪ್ರದರ್ಶನಾಂಗಣದ ವಿಷಯವು ವಿದ್ಯುತ್ತೇ ಆಗಿತ್ತು; ಆಯ್ಕೆ ಉಚಿತವಾದುದು. ಯಳಂದೂರಿನಲ್ಲಿ ಜಹಗೀರ್ದಾರರ ಬಂಗಲೆಯು ಪೂರ್ಣಯ್ಯನವರ ಹೆಸರಿನಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಂದ ಶಿವನಸಮುದ್ರಕ್ಕೆ ಒಂದು ಗಳಿಗೆಯ ಪ್ರಯಾಣ. 1902ರ ದಿವಾನರ ಮನೆತನವನ್ನು ನೆನೆಯುವ ಕಟ್ಟಡದಲ್ಲಿ ಹಳೆಯ ಮಾರ್ಗದ ಅವಾಹಕವೊಂದಕ್ಕೆ ಸ್ಥಳ ದೊರೆಯುವುದು ನ್ಯಾಯವಾಗಿದೆ. ತಡಮಾಡುವಂತೆಯೂ ಇಲ್ಲ. ಹಲವು ಮಾರ್ಗಗಳಲ್ಲಿ ಪಿಂಗಾಣಿಯ ಬದಲಿಗೆ ಪಾಲಿಮರ್ ಅವಾಹಕಗಳು ಬರುತ್ತಿವೆ. ಇಳಿಸಿದ ತಾಮ್ರಕ್ಕೂ ಕಬ್ಬಿಣಕ್ಕೂ ಗುಜರಿಯಲ್ಲಿ ಬೆಲೆಯಿದೆ. ಪಿಂಗಾಣಿಯನ್ನು ಕರಗಿಸಿ ಮತ್ತೇನನ್ನೂ ಮಾಡಲಾಗದಾದ್ದರಿಂದ ಅದು ಒಡೆದು ಹಳ್ಳ ತುಂಬಲು ಹೋಗುತ್ತದೆ. ಸೆವ್ರ್‌ನ ತಟ್ಟೆಯ ತಳದಲ್ಲಿ ಕಾರ್ಖಾನೆಯ ಗುರುತೂ ತಯಾರಾದ ವರ್ಷವನ್ನು ಸೂಚಿಸುವ ಅಕ್ಷರವೂ ಇರುತ್ತವೆ, ವಿದ್ವಾಂಸರು ಅದನ್ನು ಓದಿ ಕಾಲ ಹೇಳುತ್ತಾರೆ. ಅವಾಹಕದ ಮೆರುಗಿನ ಮೇಲೆಯೂ ತಯಾರಕರ ಗುರುತು ಮತ್ತು ವರ್ಷವನ್ನು ಒತ್ತುವ ಪದ್ಧತಿಯಿದೆ. ಕಂಬದಿಂದ ಇಳಿಸಿದ ದಿನವೇ ಯಾರಾದರೂ ತಿರುಗಿಸಿ ನೋಡಿದರೆ ಅದನ್ನು ಓದಬಹುದು.