ಬಳಸಿದ ಸ್ಕ್ರಾಲ್ ಗರಗಸ: ಕೊಳ್ಳುವ ಮುನ್ನ

ಚೆಂಡಿಯಾದಂತಹ ಕರಾವಳಿ ಊರುಗಳಲ್ಲಿ ಮನೆಯಲ್ಲೇ ಮರಗೆಲಸ ಆರಂಭಿಸುವವರಿಗೆ ಬಳಸಿದ ಸ್ಕ್ರಾಲ್ ಗರಗಸವು ಬಂಡವಾಳ ಉಳಿಸುವ ಮಾರ್ಗ. ಆದರೆ ಉಪ್ಪುಗಾಳಿಗೆ ಮೇಜು, ಬೇರಿಂಗುಗಳು ಬೇಗ ತುಕ್ಕು ಹಿಡಿಯುವುದರಿಂದ ದುರಸ್ತಿಯ ವೆಚ್ಚವನ್ನೂ ಬೆಲೆಗೆ ಸೇರಿಸಿಯೇ ಹೊಸದರೊಂದಿಗೆ ಹೋಲಿಸತಕ್ಕದ್ದು.

ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಕಂಪನ ಹಾಗೂ ತೋಳಿನ ಸಡಿಲತೆಯನ್ನು ಪರೀಕ್ಷಿಸಿರಿ. ಪಿನ್ ಇರುವ ಅಲಗು ಸಣ್ಣ ರಂಧ್ರದಲ್ಲಿ ತೂರದು; ಸೂಕ್ಷ್ಮ ಕೆತ್ತನೆಗೆ 5 ಅಂಗುಲದ ಪಿನ್‌ರಹಿತ ಅಲಗನ್ನು ಹಿಡಿಯುವ ಯಂತ್ರವೇ ಲೇಸು.

ವ್ಯವಹಾರದ ಆಸ್ತಿಗೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ, ಆ ಪಾವತಿಯ ಮೇಲೆ ಸವಕಳಿ ದೊರೆಯದು. ಬ್ಯಾಂಕ್ ಮೂಲಕವೇ ಪಾವತಿಸಿ, ಯಂತ್ರದ ಕ್ರಮಸಂಖ್ಯೆಯುಳ್ಳ ರಸೀದಿ ಪಡೆಯಿರಿ. ಸವಕಳಿ ಶೇ. 15, ವರ್ಷದಲ್ಲಿ ಖರೀದಿಸಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ರಸೀದಿಯಿಲ್ಲದ ಅಗ್ಗದ ಯಂತ್ರ ಲೆಕ್ಕದಲ್ಲಿ ದುಬಾರಿಯೇ.