ರಾಣಿ ಹೋದರೆ ಹೋಗಲಿ ಎಂದಿತು ಯಂತ್ರ!

ಐದನೇ ನಡೆ. ಎದುರಾಳಿಯ ಒಂಟೆ ಬಂದು ನನ್ನ ಕುದುರೆಯನ್ನು ಕಟ್ಟಿಹಾಕಿತ್ತು. ಕುದುರೆ ಕದಲಿದರೆ ಅದರ ಹಿಂದಿರುವ ರಾಣಿ ಬಲಿ! ಚದುರಂಗ ಕಲಿಯುವ ಮಕ್ಕಳಿಗೂ ಗೊತ್ತಿರುವ ಅಪಾಯ ಇದು. ನಾನು ಕುದುರೆಯನ್ನು ಮುಟ್ಟದೆ ಕಾಲಾಳೊಂದನ್ನು ತಳ್ಳಿ ಆಟ ಮುಂದುವರಿಸಿದೆ. ಆಟ ಮುಗಿದ ಮೇಲೆ, ಅಂತರ್ಜಾಲದ ಚದುರಂಗ ತಾಣ ಲಿಚೆಸ್‌ನಲ್ಲಿ ಕಂಪ್ಯೂಟರ್ ವಿಶ್ಲೇಷಣೆಯ ಗುಂಡಿ ಒತ್ತಿ, ಅದೇ ಐದನೇ ನಡೆಗೆ ಬಂದು ನಿಂತೆ. ಪರದೆಯ ಮೇಲೆ ಒಂದು ಬಾಣ. ಕಟ್ಟಿಹಾಕಿದ ಅದೇ ಕುದುರೆಯನ್ನು ಎತ್ತು, ನಡುವಿನ ಕಾಲಾಳನ್ನು ಹೊಡೆ ಎನ್ನುತ್ತಿದೆ! ಮತ್ತೆ ರಾಣಿ? ಹೋದರೆ ಹೋಗಲಿ!

ಇನ್ನೂ ಬೆರಗಿನ ಮಾತು ಎಂದರೆ, ಯಂತ್ರ ತೋರಿಸಿದ ಮುಂದಿನ ದಾರಿಯಲ್ಲಿ ಎದುರಾಳಿ ಆ ರಾಣಿಯನ್ನು ತಿನ್ನುವುದೇ ಇಲ್ಲ. ಸುಮ್ಮನೆ ಒಂದು ಕಾಲಾಳನ್ನು ಕಳೆದುಕೊಂಡು ಜೀವ ಉಳಿಸಿಕೊಳ್ಳುತ್ತಾನೆ. ಯಾಕಪ್ಪಾ ತಿನ್ನಲಿಲ್ಲ? ನಾನೇ ಮಣೆಯ ಮೇಲೆ ಅವನ ಒಂಟೆಯಿಂದ ರಾಣಿಯನ್ನು ತಿನ್ನಿಸಿ ನೋಡಿದೆ. ಥಟ್ಟನೆ ನನ್ನ ಒಂಟೆ ರಾಜನ ಪಕ್ಕದ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ರಾಜನಿಗೆ ಉಳಿದದ್ದು ಒಂದೇ ಮನೆ. ಅಲ್ಲಿಗೆ ಅವನು ಸರಿದನೋ ಇಲ್ಲವೋ, ನನ್ನ ಎರಡನೇ ಕುದುರೆ ನಡುಮಣೆಗೆ ಹಾರಿ ಚೆಕ್‌ಮೇಟ್! ರಾಣಿಯೇ ಇಲ್ಲದೆ, ಏಳನೇ ನಡೆಗೆ! 1750ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಲೆಗಾಲ್ ಎಂಬ ಆಟಗಾರ ಆಡಿ ತೋರಿಸಿದ ಚಮತ್ಕಾರ ಇದು. ಇಂದಿಗೂ ಅವನ ಹೆಸರಿನಲ್ಲೇ ಇದೆ. ಯಂತ್ರಕ್ಕೆ ಲೆಗಾಲನೂ ಗೊತ್ತಿಲ್ಲ, ಪ್ಯಾರಿಸ್ಸೂ ಗೊತ್ತಿಲ್ಲ. ಅದು ನನ್ನ ಆಟವನ್ನೇ ಅಗೆದು ಇದನ್ನು ಹೊರತೆಗೆದಿತ್ತು.

ನನ್ನ ಆಟದಲ್ಲಿ! ಸಂಜೆಯ ಬಿಡುವಿನಲ್ಲಿ ಫೋನಿನಲ್ಲಿ ಆಡಿದ ಯಃಕಶ್ಚಿತ್ ಆಟದಲ್ಲಿ! ಇಂಥ ನಿಗಾ ಒಂದು ಕಾಲಕ್ಕೆ ಯಾರಿಗೆ ಸಿಗುತ್ತಿತ್ತು ನೋಡಿ. 1972ರಲ್ಲಿ ರೇಕ್ಯವಿಕ್‌ನಲ್ಲಿ ಸ್ಪಾಸ್ಕಿ–ಫಿಷರ್ ವಿಶ್ವಪಟ್ಟಕ್ಕಾಗಿ ಸೆಣಸಿದಾಗ, ಅರ್ಧಕ್ಕೆ ನಿಂತ ಆಟವನ್ನು ಮರುದಿನ ಮುಂದುವರಿಸುವ ಪದ್ಧತಿ ಇತ್ತು. ಸ್ಪಾಸ್ಕಿಯ ಸ್ಥಿತಿಗಳನ್ನು ಕೂತು ಬಿಡಿಸಲು ಗೆಲ್ಲರ್, ಕ್ರೋಗಿಯಸ್, ನೇಯಿ ಎಂಬ ಮೂವರು ಪಳಗಿದ ಸಹಾಯಕರಿದ್ದರು. ಇಂದು ಶಿವಮೊಗ್ಗದ ಹತ್ತು ವರ್ಷದ ಹುಡುಗಿಗೆ ಆ ಮೂವರೂ ಸೇರಿ ಕಾಣಲಾಗದಷ್ಟು ಆಳದ ನೋಟ ಬಿಟ್ಟಿಯಾಗಿ ಸಿಗುತ್ತಿದೆ.

ಹೇಗೆ ನೋಡುತ್ತದೆ ಈ ಯಂತ್ರ? ಒಂದು ಸ್ಥಿತಿಯಲ್ಲಿ ಸುಮಾರು 30 ನಡೆಗಳು ಸಾಧ್ಯ ಎಂದುಕೊಳ್ಳಿ. ಪ್ರತಿಯೊಂದಕ್ಕೂ ಎದುರಾಳಿಯಿಂದ ಮತ್ತೆ 30 ಉತ್ತರ. ಇಬ್ಬರೂ ಎರಡೆರಡು ನಡೆ ಇಡುವಷ್ಟರಲ್ಲಿ 8 ಲಕ್ಷ ದಾರಿಗಳು! ಎಲ್ಲವನ್ನೂ ಸವೆಸುತ್ತ ಹೋದರೆ ಯಾವ ಯಂತ್ರವೂ ಸೋಲುತ್ತದೆ. ಆದ್ದರಿಂದ ಅದು ಒಂದು ಜಾಣತನ ಮಾಡುತ್ತದೆ: ನನ್ನ ನಡೆಯೊಂದಕ್ಕೆ ಎದುರಾಳಿಯ ಬಳಿ ಒಂದೇ ಒಂದು ಕಟು ಉತ್ತರ ಸಿಕ್ಕಿತೆನ್ನಿ, ಆ ನಡೆ ಅಲ್ಲಿಗೇ ರದ್ದು. ಉಳಿದ 29 ಉತ್ತರಗಳ ಗೋಜಿಗೇ ಹೋಗುವುದಿಲ್ಲ. ಹೀಗೆ ಕೊಂಬೆ ಕೊಂಬೆಯನ್ನೇ ಸವರಿಹಾಕಿ, ಉಳಿದ ದಾರಿಯಲ್ಲಿ ಇಪ್ಪತ್ತು, ಮೂವತ್ತು ನಡೆಗಳಾಚೆಗೂ ಇಣುಕುತ್ತದೆ.

1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಮಣಿಸಿದ ಯಂತ್ರ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿತ್ತು. ಅದಕ್ಕೆಂದೇ ಮಾಡಿದ ಚಿಪ್‌ಗಳು, ಆಳೆತ್ತರದ ಕಪಾಟುಗಳು. ನನ್ನ ಕೈಯಲ್ಲಿರುವ ಫೋನು ಅದರ ಸಣ್ಣದೊಂದು ಪಾಲಿನಷ್ಟೇ ಸ್ಥಿತಿಗಳನ್ನು ನೋಡಿ ಅದಕ್ಕಿಂತ ಎಷ್ಟೋ ಬಲವಾಗಿ ಆಡುತ್ತದೆ! ಇದರ ಗುಟ್ಟಿನ ಒಂದು ಎಳೆ ಬಂದದ್ದು ಜಪಾನಿನಿಂದ, ಅಲ್ಲಿನ ಚದುರಂಗವಾದ ಶೋಗಿಯಿಂದ. ಸ್ಥಿತಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವ ಪುಟ್ಟ ನರಜಾಲವೊಂದನ್ನು 2018ರಲ್ಲಿ ಯು ನಾಸು ಶೋಗಿಗೆಂದು ರೂಪಿಸಿದರು. ಒಂದು ಕಾಯಿ ಸರಿದರೆ ಇಡೀ ಮಣೆಯನ್ನು ಹೊಸದಾಗಿ ಅಳೆಯಬೇಕಿಲ್ಲ, ಬದಲಾದಷ್ಟನ್ನು ತಿದ್ದಿಕೊಂಡರೆ ಸಾಕು. ತಿಂಗಳ ಖರ್ಚಿನ ಪಟ್ಟಿಯಲ್ಲಿ ಹಾಲಿನ ದುಡ್ಡು ಮಾತ್ರ ಬದಲಾದರೆ ನಾವು ಮೊದಲಿಂದ ಕೂಡುತ್ತೇವೆಯೇ? ಹಾಗೆ. 2020ರ ಸೆಪ್ಟೆಂಬರಿನಲ್ಲಿ, ಲಿಚೆಸ್ ಬಳಸುವ ಯಂತ್ರವಾದ ಸ್ಟಾಕ್‌ಫಿಶ್‌ನ 12ನೇ ಆವೃತ್ತಿ ಈ ಜಾಲವನ್ನು ತನ್ನೊಳಗೆ ಸೇರಿಸಿಕೊಂಡಿತು.

ಸ್ಟಾಕ್‌ಫಿಶ್! ಒಣಮೀನಿನ ಹೆಸರಿಟ್ಟುಕೊಂಡ ಈ ತಂತ್ರಾಂಶದ ಕಥೆಯೇ ನನಗೆ ಎಲ್ಲಕ್ಕಿಂತ ಇಷ್ಟ. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಬರೆದ ಗ್ಲೌರುಂಗ್ ಎಂಬ ತಂತ್ರಾಂಶವನ್ನು ಎತ್ತಿಕೊಂಡು ಇಟಲಿಯ ಮಾರ್ಕೊ ಕೊಸ್ಟಾಲ್ಬಾ 2008ರಲ್ಲಿ ಇದನ್ನು ಹೊರತಂದರು. ಒಳಗಿನ ಸಾಲು ಸಾಲೂ ಬಹಿರಂಗ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಆದರೆ ಸೂಚಿಸಿದರಷ್ಟೇ ಸಾಲದು! ಹಳೆಯದಕ್ಕೂ ಹೊಸದಕ್ಕೂ ಸಾವಿರಾರು ಆಟಗಳ ಪಂದ್ಯ ನಡೆಯುತ್ತದೆ, ಜಗತ್ತಿನ ನಾನಾ ಮೂಲೆಗಳ ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರ್‌ಗಳಲ್ಲಿ. ಹೊಸದು ಗೆದ್ದು ತೋರಿಸಿದರೆ ಮಾತ್ರ ಒಳಕ್ಕೆ ಪ್ರವೇಶ. ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಲಿಚೆಸ್ ಕೂಡ ಇದೇ ರಕ್ತದ್ದು: ಶುಲ್ಕವಿಲ್ಲ, ಜಾಹೀರಾತಿಲ್ಲ. ನಾನು ಗುಂಡಿ ಒತ್ತಿದಾಗ ನನ್ನ ಆಟವನ್ನು ಹಿಡಿದು ಕೂತದ್ದೂ ಯಾವನೋ ಅಪರಿಚಿತನ ಕಂಪ್ಯೂಟರ್ ಇರಬಹುದು. ನನ್ನ ಐದನೇ ನಡೆಯ ಮೇಲೆ ಯಾವ ದೇಶದ ವಿದ್ಯುತ್ ಉರಿಯಿತೋ!

ವಿಶ್ಲೇಷಣೆ ಮುಗಿದಾಗ ಮಣೆಯ ಕೆಳಗೆ ಏರಿಳಿತದ ಗೆರೆಯೊಂದು ಮೂಡುತ್ತದೆ. ಯಾರ ಕೈ ಎಷ್ಟು ಮೇಲು ಎಂಬುದನ್ನು ಕಾಲಾಳಿನ ನೂರನೇ ಒಂದು ಪಾಲಿನವರೆಗೆ ಅಳೆದ ಲೆಕ್ಕ ಅದು. ಘೋರ ತಪ್ಪಿಗೆ ಎರಡು ಪ್ರಶ್ನಾರ್ಥಕ ಚಿಹ್ನೆ. ಒಂದು ಆಟದ ಗೆರೆ ಅಷ್ಟೇನೂ ಹೇಳುವುದಿಲ್ಲ. ಹಲವು ಆಟಗಳ ಗೆರೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಮೈ ಜುಮ್ಮೆನ್ನುತ್ತದೆ: ನನ್ನ ಗೆರೆ ಕುಸಿಯುವುದು ಹೆಚ್ಚಾಗಿ ನಾನು ದಾಳಿಗಿಳಿದಾಗಲ್ಲ, ರಾಣಿಗಳು ವಿನಿಮಯವಾಗಿ ಮಣೆ ಶಾಂತವಾದ ಮೇಲೆ! ಇದನ್ನು ಯಾವ ಗುರುವೂ ನನಗೆ ಹೇಳಿರಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಯಂತ್ರ ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಕಾರಣವನ್ನು ಕೆಣಕಿಯೇ ಪಡೆಯಬೇಕು. ಮೊದಲು ಯಂತ್ರವನ್ನು ಆರಿಸಿಟ್ಟು ನಾವೇ ಆಟವನ್ನು ಬಿಡಿಸಬೇಕು. ಆಮೇಲೆ ನಮಗೆ ಸರಿ ಕಂಡ ನಡೆಯನ್ನು ಅದರ ಮುಂದಿಟ್ಟು, ಇದಕ್ಕೇನಂತೀಯಾ ಎಂದು ಕೇಳಬೇಕು. ಅದು ಹೊಡೆದು ಹಾಕಿದಷ್ಟೂ ಮತ್ತೊಂದನ್ನು ಇಡಬೇಕು. ರಾಣಿಯ ಗುಟ್ಟು ಬಿಟ್ಟುಕೊಟ್ಟದ್ದು ಹಾಗೇ ಅಲ್ಲವೇ!

ಮಣೆಯ ಮೇಲೆ ಏಳೇ ಕಾಯಿಗಳು ಉಳಿಯುವ ಹೊತ್ತಿಗೆ ಬೇರೊಂದು ಲೋಕವೇ ತೆರೆಯುತ್ತದೆ. ಏಳು ಕಾಯಿಗಳ ಅಂತ್ಯಾಟಗಳನ್ನೆಲ್ಲ ಕಂಪ್ಯೂಟರ್‌ಗಳು ಕೊನೆಯ ತುದಿಯಿಂದ ಹಿಂದಕ್ಕೆ ಬಿಡಿಸಿ ಮುಗಿಸಿವೆ. ಅವುಗಳಲ್ಲೊಂದು ಸ್ಥಿತಿಗೆ ಚೆಕ್‌ಮೇಟ್ ಆಗಲು 549 ನಡೆಗಳು ಬೇಕು! ಅಲ್ಲಿ ಅಂದಾಜಿನ ಅಂಕಿ ಇಲ್ಲ. ಪ್ರತಿ ನಡೆಯ ಎದುರು ಗೆಲುವು, ಡ್ರಾ ಅಥವಾ ಸೋಲು ಎಂದು ಖಚಿತವಾಗಿ ಬರೆದಿರುತ್ತದೆ. ನನ್ನ ಆನೆ–ಕಾಲಾಳುಗಳ ಅಂತ್ಯಾಟವೊಂದನ್ನು ಅಲ್ಲಿ ತೆರೆದು ನೋಡಿದೆ. ರಾಜನನ್ನು ಎಡಕ್ಕೆ ಸರಿಸಿದರೆ ಗೆಲುವು, ಬಲಕ್ಕೆ ಸರಿಸಿದರೆ ಡ್ರಾ. ಯಾವ ವಿಶ್ವ ಚಾಂಪಿಯನ್ನನೂ ಅದನ್ನು ಇನ್ನು ಬದಲಿಸಲಾರ.